ಜರ್ಮನಿ ಎಲ್ಲಿದೆ ಎಂದು ತೋರಿಸಲು ಬಾರದಿದ್ದರೆ ನಾವು ದಡ್ಡರಾ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 43. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಅಣ್ಣನ ಮಗ ಓದಲು ಜರ್ಮನಿಗೆ ಹೋಗಿದ್ದಾನೆ. ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಪ್ರಪಂಚದ ಭೂಪಟ ಹಾಸಿ, ಜರ್ಮನಿ ಎಲ್ಲಿದೆ ತೋರಿಸಿ ಅಂದೆ. ಒಂಬತ್ತನೇ ತರಗತಿಯ ಮಗಳು ಬ್ರೆಜಿಲ್ ಮೇಲೆ ಬೆರಳಿಟ್ಟಳು. ಸಮಾಜ ವಿಜ್ಞಾನದಲ್ಲಿ ಅವಳಿಗೆ ಯಾವಾಗಲೂ ತೊಂಬತ್ತರ ಮೇಲೆ ಬರುತ್ತದೆ. ನಮ್ಮ ಮನೆಯವರು ದುಬೈ ಒಂದು ದೇಶ ಅಂದರು. ನಾನು ಆಫ್ರಿಕಾವೇ ಒಂದು ದೇಶ ಅಂದುಕೊಂಡಿದ್ದೆ. ನಾದಿನಿ ನಕ್ಕುಬಿಟ್ಟರು. ‘ಫಾರಿನ್‌ನಲ್ಲಿ ಸಣ್ಣ ಮಕ್ಕಳಿಗೂ ಇದೆಲ್ಲ ಗೊತ್ತಿರುತ್ತೆ, ನಮ್ಮ ಜನಕ್ಕೇ ಗೊತ್ತಿಲ್ಲ’ ಅಂದರು. ಇದು ನಿಜವೇ? ಮಗಳನ್ನು ಜಿಕೆ ಕ್ಲಾಸಿಗೆ ಸೇರಿಸಿ ದೇಶ, ರಾಜಧಾನಿ ಎಲ್ಲ ಬಾಯಿಪಾಠ ಮಾಡಿಸಬೇಕಾ? ಫೋನಿನಲ್ಲೇ ಮ್ಯಾಪ್ ಇರುವಾಗ ಇದನ್ನೆಲ್ಲ ಕಲಿಯಲೇಬೇಕಾ? ನನ್ನ ವಯಸ್ಸಿನವರಿಗೆ ಇನ್ನು ಇದು ತಲೆಗೆ ಹತ್ತುತ್ತದೆಯೇ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಸಂಕಟ ಇವೆ. ನಾಲ್ಕು ಜನರೆದುರು ಆದ ಮುಜುಗರ ಒಂದು. ಮಗಳು ಇಷ್ಟು ಅಂಕ ತೆಗೆದೂ ಏನೂ ಕಲಿಯುತ್ತಿಲ್ಲವೇನೋ ಎಂಬ ಭಯ ಇನ್ನೊಂದು. ಮುಜುಗರಕ್ಕೆ ಕಾರಣವೇ ಇಲ್ಲ, ಅದನ್ನು ಬೇಗ ಮುಗಿಸುತ್ತೇನೆ. ಭಯದಲ್ಲಿ ಸ್ವಲ್ಪ ಹುರುಳಿದೆ. ಚಿತ್ರದುರ್ಗದಲ್ಲಿ ಕಾಲೇಜು ಮಕ್ಕಳಿಗೆ ಭೂಗೋಳ ಪಾಠ ಹೇಳುತ್ತಾ ನಾನು ಮತ್ತೆ ಮತ್ತೆ ಕಂಡಿರುವುದೂ ಅದನ್ನೇ.

ಮೊದಲು ನಾದಿನಿಯವರ ಮಾತು. 2002ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ ಒಂಬತ್ತು ದೇಶಗಳಲ್ಲಿ 18ರಿಂದ 24 ವರ್ಷದವರನ್ನು ಪರೀಕ್ಷಿಸಿತು. ಅಮೆರಿಕದ ಯುವಕ ಯುವತಿಯರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಭೂಪಟದಲ್ಲಿ ಅಮೆರಿಕವನ್ನೇ ತೋರಿಸಲು ಆಗಲಿಲ್ಲ. ನೂರಕ್ಕೆ ಇಪ್ಪತ್ತೊಂಬತ್ತು ಮಂದಿಗೆ ಪೆಸಿಫಿಕ್ ಸಾಗರ ಸಿಗಲಿಲ್ಲ. ಅದು ಭೂಮಿಯ ಮೇಲಿನ ಅತಿ ದೊಡ್ಡ ಸಾಗರ! ಇನ್ನೊಂದು ಸಮೀಕ್ಷೆ 2006ರಲ್ಲಿ ನಡೆಯಿತು. ಆಗ ಅಮೆರಿಕದ ಸೈನ್ಯ ಇರಾಕ್‌ನಲ್ಲಿ ಯುದ್ಧ ಮಾಡುತ್ತಾ ಮೂರು ವರ್ಷ ಆಗಿತ್ತು, ಟಿವಿಯಲ್ಲಿ ದಿನಾ ಅದೇ ಸುದ್ದಿ. ಆದರೂ ನೂರಕ್ಕೆ ಅರವತ್ತಮೂರು ಮಂದಿಗೆ ಇರಾಕ್ ಗುರುತಿಸಲು ಆಗಲಿಲ್ಲ. ಒಂಬತ್ತು ದೇಶಗಳ ಸಮೀಕ್ಷೆಯಲ್ಲಿ ಸ್ವೀಡನ್ ಮೊದಲು ಬಂತು, ಮೆಕ್ಸಿಕೊ ಕೊನೆ, ಅಮೆರಿಕ ಕೊನೆಯಿಂದ ಎರಡನೆಯದು. ಆ ಒಂಬತ್ತರಲ್ಲಿ ಭಾರತ ಇರಲೇ ಇಲ್ಲ. ಹಾಗಾಗಿ ‘ನಮ್ಮ ಜನಕ್ಕೇ ಗೊತ್ತಿಲ್ಲ’ ಎನ್ನಲು ಅದರಲ್ಲಿ ಆಧಾರ ಇಲ್ಲ. ಜರ್ಮನಿ ತೋರಿಸಲು ತಡಕಾಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಆದರೆ ಇದು ತಿಳಿದು ಸಮಾಧಾನಪಟ್ಟು ಸುಮ್ನಿರುವುದೂ ಸರಿಯಲ್ಲ. 2014ರಲ್ಲಿ ರಷ್ಯಾ ಉಕ್ರೇನ್‌ನಿಂದ ಕ್ರೈಮಿಯಾ ಕಿತ್ತುಕೊಂಡಾಗ ಮೂವರು ರಾಜ್ಯಶಾಸ್ತ್ರಜ್ಞರು ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ನರಿಗೆ ಉಕ್ರೇನ್ ಎಲ್ಲಿದೆ ಎಂದು ಕೇಳಿದರು. ಆರರಲ್ಲಿ ಒಬ್ಬರು ಮಾತ್ರ ಸರಿಯಾಗಿ ತೋರಿಸಿದರು. ಉಳಿದದ್ದು ಇನ್ನೂ ಯೋಚಿಸುವ ವಿಷಯ. ಯಾರ ಬೆರಳು ನಿಜವಾದ ಜಾಗದಿಂದ ಹೆಚ್ಚು ದೂರ ಬಿತ್ತೋ ಅಂಥವರೇ ಅಲ್ಲಿಗೆ ಸೈನ್ಯ ಕಳಿಸಬೇಕು ಎಂದು ಜಾಸ್ತಿ ಹೇಳಿದರು. ಒಂದು ಜಾಗ ಎಲ್ಲಿದೆ ಎಂದು ತಿಳಿಯದೆಯೂ ಅಲ್ಲಿಯ ಜನರ ಬಗ್ಗೆ ತೀರ್ಮಾನ ಮಾಡಿಬಿಡುತ್ತೇವೆ. ಇದು ನಮಗೂ ಅನ್ವಯಿಸುವ ಮಾತು.

ಈಗ ನಿಮ್ಮ ಮನೆಯ ತಪ್ಪುಗಳಿಗೆ ಬರುತ್ತೇನೆ. ದುಬೈ ದೇಶವಲ್ಲ. ಯುನೈಟೆಡ್ ಅರಬ್ ಎಮಿರೇಟ್ಸ್ ಎಂಬ ದೇಶದಲ್ಲಿರುವ, ನಮ್ಮ ರಾಜ್ಯಗಳಂಥ ಏಳು ಎಮಿರೇಟ್‌ಗಳಲ್ಲಿ ಅದೂ ಒಂದು. ರಾಜಧಾನಿ ಅಬುಧಾಬಿ. ಆಫ್ರಿಕಾ ಒಂದು ಖಂಡ. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲಿ 54 ಅಲ್ಲಿವೆ. ಆ ಖಂಡದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿ.ಮೀ. ಭಾರತ, ಚೀನಾ, ಅಮೆರಿಕ ಮೂರನ್ನೂ ಒಟ್ಟಿಗೆ ಇಟ್ಟರೂ ಅದರಲ್ಲಿ ಇನ್ನೂ ಜಾಗ ಉಳಿಯುತ್ತದೆ.

ಆದರೆ ಆಫ್ರಿಕಾ ಅಷ್ಟು ದೊಡ್ಡದು ಎಂದು ನಿಮ್ಮ ಭೂಪಟ ನಿಮಗೆ ಹೇಳಿರಲಿಕ್ಕಿಲ್ಲ. ಅದರಲ್ಲಿ ಮೇಲೆ ಬಿಳಿಯ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತಿದೆಯೇ? ಹಾಗಿದ್ದರೆ ಅದು ಮರ್ಕೇಟರ್ ಮಾದರಿಯ ನಕ್ಷೆ. ಗ್ರೀನ್‌ಲ್ಯಾಂಡ್ ನಿಜವಾಗಿ ಇರುವುದು ಸುಮಾರು 21.6 ಲಕ್ಷ ಚದರ ಕಿ.ಮೀ. ನಮ್ಮ ಭಾರತ 32.87 ಲಕ್ಷ. ಅಂದರೆ ಭಾರತವೇ ಅದರ ಒಂದೂವರೆ ಪಟ್ಟು, ಆಫ್ರಿಕಾ ಹದಿನಾಲ್ಕು ಪಟ್ಟು. ಬ್ಲೌಸ್ ಹೊಲಿಯುವ ನಿಮಗೆ ಇದರ ಕಾರಣ ಹೇಳುವುದು ಸುಲಭ. ಚಪ್ಪಟೆ ಬಟ್ಟೆ ಮೈಯ ಗುಂಡಗಿನ ಜಾಗಕ್ಕೆ ಕೂರಬೇಕೆಂದರೆ ಅಲ್ಲಲ್ಲಿ ಮಡಚಿ ಟಕ್ಸ್ ಹಿಡಿಯಲೇಬೇಕು. ಟಕ್ಸ್ ಬಿಚ್ಚದೆ ಅದೇ ಬ್ಲೌಸನ್ನು ನೆಲದ ಮೇಲೆ ಸಪಾಟಾಗಿ ಹಾಸಲು ಹೋದರೆ ಎಲ್ಲೋ ಒಂದು ಕಡೆ ಎಳೆಯುತ್ತದೆ, ಇನ್ನೊಂದು ಕಡೆ ಸುಕ್ಕಾಗುತ್ತದೆ. ಗುಂಡಗಿನ ಭೂಮಿಯನ್ನು ಹಾಳೆಯ ಮೇಲೆ ತರುವಾಗಲೂ ಹೀಗೇ ಆಗುತ್ತದೆ. ಎಲ್ಲಿ ಎಳೆಯಬೇಕು ಎಂಬುದನ್ನು ನಕ್ಷೆ ಮಾಡುವವನು ಆರಿಸಿಕೊಳ್ಳುತ್ತಾನೆ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಈ ನಕ್ಷೆ ಮಾಡಿದ್ದು ಹಡಗಿನವರಿಗಾಗಿ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಸಾಗುವ ಹಡಗಿನ ದಾರಿ ಈ ನಕ್ಷೆಯಲ್ಲಿ ನೇರ ಗೆರೆಯಾಗಿ ಬರುತ್ತದೆ. ಅದಕ್ಕೆ ತೆತ್ತ ಬೆಲೆ ಎಂದರೆ, ಧ್ರುವಗಳ ಹತ್ತಿರ ಹೋದಷ್ಟೂ ನೆಲ ಹಿಗ್ಗಿಹೋಯಿತು. ಫೋನಿನ ಮ್ಯಾಪ್‌ಗಳೂ ಬಹುತೇಕ ಇದೇ ಮಾದರಿಯವು. ರಸ್ತೆ ಹುಡುಕಲು ಅದು ತುಂಬಾ ಒಳ್ಳೆಯದು. ಪ್ರಪಂಚದ ಅಳತೆ ತಿಳಿಯಲು ಅದನ್ನು ನಂಬಬಾರದು.

ನಮ್ಮ ತಲೆಯೂ ನಕ್ಷೆಯನ್ನು ಹೀಗೆ ತಿರುಚುತ್ತದೆ. ಬೆಂಗಳೂರು, ದೆಹಲಿ ಇವೆರಡರಲ್ಲಿ ಯಾವುದು ಹೆಚ್ಚು ಪೂರ್ವಕ್ಕಿದೆ? ನನ್ನ ತರಗತಿಯಲ್ಲಿ ಕೇಳಿದಾಗಲೆಲ್ಲ ಬಹಳಷ್ಟು ಮಕ್ಕಳು ದೆಹಲಿ ಎನ್ನುತ್ತಾರೆ. ಕರ್ನಾಟಕ ಪಶ್ಚಿಮ ಕರಾವಳಿಯ ರಾಜ್ಯ, ಹಾಗಾಗಿ ಬೆಂಗಳೂರೂ ಪಶ್ಚಿಮಕ್ಕಿರಬೇಕು ಎಂದು ಲೆಕ್ಕ ಹಾಕುತ್ತಾರೆ. ರೇಖಾಂಶ ಎಂದರೆ ನಕ್ಷೆಯಲ್ಲಿ ಮೇಲಿಂದ ಕೆಳಕ್ಕೆ ಎಳೆದ ಗೆರೆ, ನಮ್ಮ ಕಡೆ ಅದರ ಸಂಖ್ಯೆ ಹೆಚ್ಚಿದಷ್ಟೂ ಪೂರ್ವ. ನಿಜಕ್ಕೂ ಬೆಂಗಳೂರು 77.6 ಡಿಗ್ರಿ ರೇಖಾಂಶದಲ್ಲಿದೆ, ದೆಹಲಿ 77.2ರಲ್ಲಿದೆ. ಪೂರ್ವಕ್ಕಿರುವುದು ಬೆಂಗಳೂರೇ. 1978ರಲ್ಲಿ ಸ್ಟೀವನ್ಸ್ ಮತ್ತು ಕೂಪ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಊರುಗಳನ್ನಿಟ್ಟುಕೊಂಡು ಇದನ್ನೇ ತೋರಿಸಿದರು. ಊರಿನ ಜಾಗ ನೆನಪಿರುವುದಿಲ್ಲ, ಅದು ಸೇರಿರುವ ರಾಜ್ಯದ ಜಾಗ ನೆನಪಿರುತ್ತದೆ, ಅದರಿಂದ ಊರನ್ನು ಊಹಿಸುತ್ತೇವೆ. ಬಾರ್ಬರಾ ಟ್ವೆರ್ಸ್ಕಿ ಎಂಬುವರು 1981ರಲ್ಲಿ ಇನ್ನೊಂದನ್ನು ತೋರಿಸಿದರು. ಉತ್ತರ ಅಮೆರಿಕದ ಸರಿಯಾಗಿ ಕೆಳಗೆ ದಕ್ಷಿಣ ಅಮೆರಿಕ ಇದೆ ಎಂದು ಜನರ ಮನಸ್ಸು ಜೋಡಿಸಿಕೊಳ್ಳುತ್ತದೆ. ಆದರೆ ದಕ್ಷಿಣ ಅಮೆರಿಕದ ಬಹುಭಾಗ ಪೂರ್ವಕ್ಕೆ ಸರಿದಿದೆ. ಓದಿದವರ ತಲೆಯೂ ಹೀಗೇ ಕೆಲಸ ಮಾಡುತ್ತದೆ. ನಿಮ್ಮ ಮಗಳ ಬೆರಳು ತಪ್ಪು ಜಾಗಕ್ಕೆ ಹೋದದ್ದರಲ್ಲಿ ದಡ್ಡತನ ಹುಡುಕಬೇಡಿ.

ಹಾಗಾದರೆ ತೊಂಬತ್ತು ಅಂಕ ಎಲ್ಲಿಂದ ಬಂತು? ಪಠ್ಯದ ಲೆಕ್ಕ ನೋಡಿದರೆ ತಿಳಿಯುತ್ತದೆ. ರಾಜ್ಯ ಪಠ್ಯಕ್ರಮದಲ್ಲಿ ಖಂಡಗಳ ಪಾಠ ಆರು, ಏಳನೇ ತರಗತಿಯ ಹೊತ್ತಿಗೆ ಬಂದು ಹೋಗುತ್ತದೆ. ಆಮೇಲೆ ಭೂಮಿಯ ರಚನೆ, ವಾಯುಮಂಡಲ, ಕರ್ನಾಟಕ, ಭಾರತ ಹೀಗೆ ಸಾಗುತ್ತದೆ. ಹೈಸ್ಕೂಲಿನಲ್ಲಿ ಭೂಗೋಳಕ್ಕೆ ಪ್ರತ್ಯೇಕ ಪುಸ್ತಕ ಇಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನದ ಜೊತೆ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅದೂ ಒಂದು ಪಾಲು. ಎಸ್ಸೆಸ್ಸೆಲ್ಸಿಯಲ್ಲಿ ನಕ್ಷೆ ಬಿಡಿಸಿ ಗುರುತಿಸುವ ಪ್ರಶ್ನೆ ಬರುವುದು ಭಾರತದ ನಕ್ಷೆಯ ಮೇಲೆ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡರೆ ಭೂಗೋಳ ಪೂರ್ತಿ ಬಿಟ್ಟುಹೋಗುತ್ತದೆ. ಹನ್ನೆರಡು ವರ್ಷದ ಮಗು ಒಮ್ಮೆ ಯುರೋಪ್ ಓದಿ ಪರೀಕ್ಷೆ ಬರೆದು ಮರೆಯಿತು, ಮತ್ತೆ ಯಾರೂ ಅದನ್ನು ಕೇಳಲಿಲ್ಲ. ಇದರಲ್ಲಿ ಮಗುವಿನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ಮಾತು. ನಮ್ಮ ಜನಕ್ಕೆ ಪ್ರಪಂಚ ಗೊತ್ತಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಬುಡಕಟ್ಟಿನ ಜನರನ್ನೇ ನೋಡಿ. ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. ಅವರಲ್ಲಿ ಶಾಲೆ ಮೆಟ್ಟಿಲು ಹತ್ತಿದವರು ಕಡಿಮೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡರು. ಆಪರೇಷನ್ ಕಾವೇರಿ ಹೆಸರಿನಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್ ಬಂದರಿಗೆ ತಂದು, ಕೆಂಪು ಸಮುದ್ರ ದಾಟಿಸಿ, ಸೌದಿಯ ಜೆಡ್ಡಾ ಮೂಲಕ ಊರಿಗೆ ಕರೆತಂದರು. ಯಾವ ಊರಿನಲ್ಲಿ ಏನು ಮಾರಾಟವಾಗುತ್ತದೆ, ಅಲ್ಲಿಯ ಹಣ ಯಾವುದು, ಎಲ್ಲಿ ವಿಮಾನ ಬದಲಿಸಬೇಕು ಎಂದು ಅವರು ಹೇಳಬಲ್ಲರು. ಅಷ್ಟು ಆಫ್ರಿಕಾ ಭೂಗೋಳದಲ್ಲಿ ಎಂಎ ಮಾಡಿದವರಿಗೂ ಗೊತ್ತಿರುವುದಿಲ್ಲ. ಅದೇ ಜನರ ಮುಂದೆ ಹೆಸರಿಲ್ಲದ ಖಾಲಿ ನಕ್ಷೆ ಹಿಡಿದರೆ ಸುಡಾನ್ ತೋರಿಸಲು ಆಗದೆ ಹೋಗಬಹುದು. ಯಾರಿಗೆ ಭೂಗೋಳ ಗೊತ್ತು ಎನ್ನೋಣ?

ಚಿತ್ರದುರ್ಗದ ಈರುಳ್ಳಿ ಬೆಳೆಗಾರರಿಗೆ ಬಾಂಗ್ಲಾದೇಶ, ಮಲೇಷ್ಯಾ, ಶ್ರೀಲಂಕಾ ಗೊತ್ತು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿದಾಗ ಆ ದೇಶಗಳ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2024ರ ಮೇ ತಿಂಗಳಲ್ಲಿ. ಚಳ್ಳಕೆರೆಯ ಎಣ್ಣೆ ವ್ಯಾಪಾರಿಗಳಿಗೆ ಇಂಡೋನೇಷ್ಯಾ ಗೊತ್ತು. 2022ರ ಏಪ್ರಿಲ್ ಕೊನೆಯಲ್ಲಿ ಆ ದೇಶ ಪಾಮ್ ಎಣ್ಣೆ ಹೊರಗೆ ಕಳಿಸುವುದನ್ನು ಮೂರು ವಾರಕ್ಕೂ ಹೆಚ್ಚು ನಿಲ್ಲಿಸಿತ್ತು. ಅದಕ್ಕೆ ಮೊದಲೇ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಗಿತ್ತು. ನಿಮ್ಮ ಅಡುಗೆಮನೆಯ ಖರ್ಚಿನಲ್ಲೂ ಅದು ಕಂಡಿರುತ್ತದೆ. ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಸೀಮೆಯ ರೈತ ಹಾಕುವ ಪೊಟ್ಯಾಷ್ ಗೊಬ್ಬರ ಕೆನಡಾ, ರಷ್ಯಾ, ಬೆಲಾರೂಸ್‌ನಂಥ ದೇಶಗಳಿಂದ ಬರುತ್ತದೆ. ಆ ಮೆಕ್ಕೆಜೋಳವೇ ಒಂದು ಕಾಲಕ್ಕೆ ಮೆಕ್ಸಿಕೊ ಕಡೆಯಿಂದ ಬಂದ ಬೆಳೆ. ಚಳ್ಳಕೆರೆಯ ಶೇಂಗಾ ದಕ್ಷಿಣ ಅಮೆರಿಕದ್ದು.

ಹೀಗೆ ಗೊತ್ತಿರುವುದು ಬೇಕಾದಷ್ಟಿದೆ. ಆದರೆ ಅದು ಚೂರು ಚೂರಾಗಿದೆ. ರೈತನ ಬಳಿ ಒಂದು ಚೂರು, ವ್ಯಾಪಾರಿಯ ಬಳಿ ಒಂದು, ಟಿವಿ ನೋಡುವವರ ಬಳಿ ಯುದ್ಧ ನಡೆಯುವ ನಾಲ್ಕು ದೇಶಗಳ ಹೆಸರು, ನಿಮ್ಮ ಮಗಳ ಬಳಿ ಪರೀಕ್ಷೆಗೆ ಓದಿದ್ದು. ಇವನ್ನೆಲ್ಲ ಎಲ್ಲಿ ಇಡಬೇಕು ಎಂದು ತೋರಿಸುವ ಚೌಕಟ್ಟನ್ನು ಯಾರೂ ಕೈಗೆ ಕೊಟ್ಟಿಲ್ಲ. ಕಲಿಯಬೇಕಾದದ್ದು ಮುಖ್ಯವಾಗಿ ಆ ಚೌಕಟ್ಟು. ಅದನ್ನು ಲಂಡನ್ನಿನಿಂದ ಶುರು ಮಾಡಬೇಕಾಗಿಲ್ಲ. ನಿಮ್ಮ ಮನೆಯಿಂದಲೇ ಶುರು ಮಾಡಬಹುದು.

ದಾವಣಗೆರೆ ಹೆಚ್ಚುಕಡಿಮೆ 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಕ್ಷಾಂಶ ಎಂದರೆ ನಕ್ಷೆಯ ಅಡ್ಡ ಗೆರೆ. ಅಟ್ಲಾಸಿನಲ್ಲಿ ಆ ಗೆರೆ ಹಿಡಿದು ಪಶ್ಚಿಮಕ್ಕೆ ಹೊರಡಿ. ಗೋಕರ್ಣದಲ್ಲಿ ಸಮುದ್ರ ಸಿಗುತ್ತದೆ. ಅರಬ್ಬಿ ಸಮುದ್ರ ದಾಟಿದರೆ ಯೆಮನ್. ಕೆಂಪು ಸಮುದ್ರ ದಾಟಿದರೆ ಎರಿಟ್ರಿಯಾ ಮತ್ತು ಇಥಿಯೋಪಿಯದ ಉತ್ತರ ತುದಿ, ಆಮೇಲೆ ಸುಡಾನ್. ಅದರ ರಾಜಧಾನಿ ಖಾರ್ಟೂಮ್ ನಮ್ಮ ಗೆರೆಗಿಂತ ಒಂದು ಡಿಗ್ರಿಯಷ್ಟೇ ಉತ್ತರಕ್ಕಿದೆ. ಮುಂದೆ ಚಾಡ್, ನೈಜರ್, ಮಾಲಿ, ಕೊನೆಗೆ ಸೆನೆಗಲ್. ಅದರ ರಾಜಧಾನಿ ಡಾಕಾರ್ ನಮ್ಮ ಗೆರೆಗೆ ಅಂಟಿಕೊಂಡಂತೆಯೇ ಇದೆ. ಅಟ್ಲಾಂಟಿಕ್ ದಾಟಿದರೆ ಹೊಂಡುರಾಸ್, ಗ್ವಾಟೆಮಾಲಾ. ಪೆಸಿಫಿಕ್ ದಾಟಿದರೆ ಫಿಲಿಪ್ಪೀನ್ಸ್‌ನ ಮನಿಲಾ. ಆಮೇಲೆ ವಿಯೆಟ್ನಾಂ, ಥಾಯ್ಲೆಂಡ್‌ನ ಹಳೆಯ ರಾಜಧಾನಿ ಅಯುತ್ಥಯ, ಮ್ಯಾನ್ಮಾರ್. ಬಂಗಾಳ ಕೊಲ್ಲಿ ದಾಟಿ ನೆಲ್ಲೂರಿಗೆ ಬಂದರೆ ಮನೆ ಬಂದಂತೆಯೇ. ಈ ಊರುಗಳ ಮೇಲೆಲ್ಲ ವರ್ಷಕ್ಕೆ ಎರಡು ಸಲ, ಹೆಚ್ಚುಕಡಿಮೆ ಒಂದೇ ದಿನಗಳಲ್ಲಿ, ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನಮ್ಮಲ್ಲಿ ಅದು ಏಪ್ರಿಲ್ ಕೊನೆ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ. ಆಗ ಒಂದು ಕೋಲು ನೆಟ್ಟು ನೋಡಿ. ಗಡಿಯಾರದ ಹನ್ನೆರಡಕ್ಕೆ ನೆರಳು ಇನ್ನೂ ಇರುತ್ತದೆ, ಹನ್ನೆರಡೂವರೆ ಹತ್ತಿರ ಬಂದಾಗ ಬುಡದಲ್ಲಿ ಅಡಗುತ್ತದೆ. ನಮ್ಮ ಗಡಿಯಾರ ನಡೆಯುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ದಾವಣಗೆರೆ ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಸೂರ್ಯ ನಮ್ಮ ನೆತ್ತಿಗೆ ಬರಲು 26 ನಿಮಿಷದಷ್ಟು ತಡ.

ಇನ್ನೊಂದು ಪ್ರಶ್ನೆಯನ್ನು ಮಗಳೇ ಕೇಳುತ್ತಾಳೆ, ಕೇಳದಿದ್ದರೆ ನೀವು ಕೇಳಿ. ಒಂದೇ ಗೆರೆ, ಒಂದೇ ಬಿಸಿಲು, ಆದರೂ ಮನಿಲಾದಲ್ಲಿ ಯಾಕಷ್ಟು ಮಳೆ? ಮಾಲಿಯಲ್ಲಿ ಯಾಕೆ ಬರ? ಈ ಪ್ರಶ್ನೆಗೆ ಉತ್ತರ ಹುಡುಕಲು ಆಫ್ರಿಕಾ ತನಕ ಹೋಗಬೇಕಿಲ್ಲ. ಗೋಕರ್ಣದಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಘಟ್ಟ ಹತ್ತಿ ಇಳಿದು ಚಳ್ಳಕೆರೆಗೆ ಬಂದರೆ 500 ಮಿ.ಮೀ. ಆಸುಪಾಸು. ಎರಡೂ ಸುಮಾರು ಒಂದೇ ಅಕ್ಷಾಂಶದ ಊರುಗಳು. ಸಮುದ್ರದಿಂದ ಬರುವ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣಿಯುತ್ತದೆ, ನೀರನ್ನೆಲ್ಲ ಆ ಕಡೆಯೇ ಇಳಿಸಿಬಿಡುತ್ತದೆ. ಸಮುದ್ರ ಎಷ್ಟು ದೂರ, ಗಾಳಿ ಯಾವ ಕಡೆಯಿಂದ, ನಡುವೆ ಬೆಟ್ಟ ಇದೆಯೇ? ಈ ಮೂರನ್ನು ಕೇಳಲು ಕಲಿತ ಮಗು ಯಾವ ದೇಶದ ನಕ್ಷೆ ನೋಡಿದರೂ ಅಲ್ಲಿ ಮಳೆ ಎಷ್ಟಿರಬಹುದು ಎಂದು ತಕ್ಕಮಟ್ಟಿಗೆ ಊಹಿಸುತ್ತದೆ. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಬರ ಎಂದರೆ ಏನು ಎಂದು ವಿವರಿಸಬೇಕಿಲ್ಲ. ಮಾಲಿಯ ದನಗಾಹಿಯ ಕಷ್ಟ ಅವರಿಗೆ ಬೇಗ ತಿಳಿಯುತ್ತದೆ.

ಇನ್ನು ಉತ್ತರ ದಕ್ಷಿಣದ ಗೆರೆ. ದಾವಣಗೆರೆ 76 ಡಿಗ್ರಿ ಪೂರ್ವ ರೇಖಾಂಶಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ ಇದೆ. ನೇರ ಉತ್ತರಕ್ಕೆ ಹೋದರೆ ಜೈಪುರ, ಕಾಶ್ಮೀರ, ಕಜಕಿಸ್ತಾನ್, ಸೈಬೀರಿಯಾ. ನೇರ ದಕ್ಷಿಣಕ್ಕೆ ಹೋದರೆ ಕೇರಳದ ಪೊನ್ನಾನಿ ಹತ್ತಿರ ಸಮುದ್ರಕ್ಕೆ ಇಳಿಯುತ್ತೀರಿ. ಅಲ್ಲಿಂದ ಮುಂದೆ ನೆಲವೇ ಸಿಗುವುದಿಲ್ಲ, ಬರೀ ನೀರು. ಮೊದಲು ಸಿಗುವ ನೆಲ ಅಂಟಾರ್ಕ್ಟಿಕಾ. ಅಲ್ಲಿ ಯಾರಿದ್ದಾರೆ ಗೊತ್ತೇ? ಭಾರತದ ‘ಭಾರತಿ’ ಸಂಶೋಧನಾ ಕೇಂದ್ರ. 2012ರಲ್ಲಿ ಶುರುವಾದದ್ದು. ಅದರ ರೇಖಾಂಶ 76.2 ಡಿಗ್ರಿ. ದಾವಣಗೆರೆ 75.9, ಚಿತ್ರದುರ್ಗ 76.4. ನಮ್ಮ ಎರಡೂ ಊರುಗಳ ನಡುವಿನಿಂದ ಒಂದು ಗೆರೆ ಕೆಳಗೆ ಎಳೆದರೆ ಒಂಬತ್ತು ಸಾವಿರ ಕಿಲೋಮೀಟರ್ ಆಚೆ ಹೋಗಿ ಅದರ ಮೇಲೇ ಕೂರುತ್ತದೆ. ಇದನ್ನು ಹೇಳಿದಾಗ ತರಗತಿಯ ಹಿಂದಿನ ಬೆಂಚಿನಲ್ಲೂ ತಲೆ ಎತ್ತುತ್ತವೆ. ಹೀಗೆ ಸ್ವಂತ ಊರಿಗೆ ಕಟ್ಟಿಕೊಂಡ ಜಾಗ ಬೇಗ ಮರೆಯುವುದಿಲ್ಲ.

ಜರ್ಮನಿಯನ್ನೂ ಹೀಗೇ ಕಟ್ಟಿಕೊಳ್ಳಿ. ಆ ದೇಶ 47ರಿಂದ 55 ಡಿಗ್ರಿ ಉತ್ತರದಲ್ಲಿದೆ. ಭಾರತದ ಉತ್ತರದ ತುತ್ತತುದಿಯೇ ಸುಮಾರು 37 ಡಿಗ್ರಿ. ಅಂದರೆ ಇಡೀ ಜರ್ಮನಿ ಕಾಶ್ಮೀರಕ್ಕಿಂತ ಬಹಳ ಉತ್ತರ. ವಿಸ್ತೀರ್ಣ ಸುಮಾರು 3.57 ಲಕ್ಷ ಚದರ ಕಿ.ಮೀ., ರಾಜಸ್ಥಾನಕ್ಕಿಂತ ತುಸು ದೊಡ್ಡದು, ಕರ್ನಾಟಕದ ಎರಡು ಪಟ್ಟಿಗೆ ತುಸು ಕಡಿಮೆ. ಉತ್ತರಕ್ಕಿರುವುದರಿಂದ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಎಂಟು ಗಂಟೆಯೂ ಹಗಲಿರುವುದಿಲ್ಲ, ನಾಲ್ಕಕ್ಕೇ ಕತ್ತಲು. ಜೂನ್‌ನಲ್ಲಿ ಹದಿನೇಳು ಗಂಟೆಯ ಹತ್ತಿರ ಹಗಲು. ಚಳಿಗಾಲದಲ್ಲಿ ನಿಮ್ಮ ಅಣ್ಣನ ಮಗ ಮಂಕಾಗಿ ಮಾತಾಡಿದರೆ ಕತ್ತಲೂ ಅದಕ್ಕೆ ಒಂದು ಕಾರಣ ಇರಬಹುದು. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ. ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದೆ ಮಾಡಿಕೊಳ್ಳುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಫೋನ್ ಮಾಡುವಾಗ ನೆನಪಿಟ್ಟುಕೊಳ್ಳಿ.

ಫೋನಿನಲ್ಲಿ ಎಲ್ಲ ಇದೆಯಲ್ಲ ಎಂದು ಕೇಳಿದ್ದೀರಿ. ಹೆಸರು ಹೊಡೆದರೆ ಫೋನ್ ಜಾಗ ತೋರಿಸುತ್ತದೆ, ನಿಜ. ಆದರೆ ಅನುಮಾನ ಬಂದರೆ ತಾನೇ ಹುಡುಕುವುದು? 2022ರಿಂದ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಕೊಡುತ್ತಾ ಬಂದಿದೆ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಎಂದು ಹುಡುಗರನ್ನು ಬ್ಯಾಂಕಾಕ್‌ಗೆ ಕರೆಸುತ್ತಾರೆ. ಅಲ್ಲಿಂದ ಗಾಡಿಯಲ್ಲಿ ಸುಮಾರು 500 ಕಿ.ಮೀ. ದೂರದ ಮೇ ಸೋಟ್ ಎಂಬ ಗಡಿ ಊರಿಗೆ ಒಯ್ಯುತ್ತಾರೆ. ಮೋಯಿ ಹೊಳೆ ದಾಟಿಸಿದರೆ ಮ್ಯಾನ್ಮಾರ್, ಅಂದರೆ ಹಳೆಯ ಹೆಸರಿನ ಬರ್ಮಾ ದೇಶದ ಮ್ಯಾವಾಡಿ. ಅಲ್ಲಿ ಕೂಡಿಹಾಕಿ ಆನ್‌ಲೈನ್ ಮೋಸದ ಕೆಲಸ ಮಾಡಿಸುತ್ತಾರೆ. ಬ್ಯಾಂಕಾಕ್‌ನಲ್ಲಿ ಕೆಲಸ ಎಂದವರು ಗಾಡಿಯನ್ನು ಬರ್ಮಾ ಗಡಿ ಕಡೆ ಓಡಿಸುತ್ತಿದ್ದಾರೆ ಎಂದು ಆ ಗಳಿಗೆಯಲ್ಲಿ ಹೊಳೆಯಬೇಕಾದರೆ, ಬರ್ಮಾ ಎಲ್ಲಿದೆ ಎಂಬುದು ತಲೆಯಲ್ಲಿ ಮೊದಲೇ ಇರಬೇಕು. ಅದೊಂದರಿಂದಲೇ ಹುಡುಗ ಪಾರಾಗುತ್ತಾನೆ ಎಂದು ನಾನು ಹೇಳುವುದಿಲ್ಲ. ಹೊರಡುವ ಮೊದಲು ಏಜೆಂಟ್ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಂದಾಯಿಸಿದ್ದಾನಾ ಎಂದು ನೋಡುವುದು ಇನ್ನೂ ಮುಖ್ಯ. ಆದರೆ ಮನೆಯಲ್ಲಿ ಒಬ್ಬರಾದರೂ ನಕ್ಷೆ ಮುಂದಿಟ್ಟುಕೊಂಡು, ಎಲ್ಲಿ ಇಳಿಯುತ್ತೀಯ, ಅಲ್ಲಿಂದ ಎಲ್ಲಿಗೆ, ಎಷ್ಟು ದೂರ, ಗಡಿ ದಾಟಬೇಕಾ ಎಂದು ಕೇಳಬೇಕು. ನಮ್ಮ ಜಿಲ್ಲೆಗಳಿಂದ ಹೊರಗೆ ಹೋಗುವ ಮಕ್ಕಳು ಜಾಸ್ತಿಯಾಗುತ್ತಿದ್ದಾರೆ. ಅದಕ್ಕೇ ಈ ವಿಷಯದಲ್ಲಿ ನನಗೆ ಇಷ್ಟು ಕಾಳಜಿ.

ಏನೇನು ಮಾಡಬಹುದು, ಯಾವುದರಲ್ಲಿ ಏನು ತೊಂದರೆ ಎಂದು ಈಗ ಹೇಳುತ್ತೇನೆ.

ಜಿಕೆ ಕ್ಲಾಸು ಮುಂದೆ ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಪರೀಕ್ಷೆ ಬರೆಯುವವರಿಗೆ ಉಪಯೋಗ. ಒಂಬತ್ತನೇ ತರಗತಿಗೆ ಬೇಡ. ಬಾಯಿಪಾಠ ಮಾಡಿದ ಪಟ್ಟಿ ಬೇಗ ಮರೆಯುತ್ತದೆ, ಬೇಗ ಹಳೆಯದೂ ಆಗುತ್ತದೆ. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆಯಿತು. ಕಜಕಿಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್-ಸುಲ್ತಾನ್ ಆಗಿ, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಪಟ್ಟಿ ಬಂದರೆ ಭೂಗೋಳ ಬಂದಂತೆ ಎಂದು ಮಗು ನಂಬಿಬಿಡುತ್ತದೆ. ನಿಮ್ಮ ಮಗಳಿಗೆ ಈಗ ಅಂಕ ಬರುತ್ತಿರುವುದೂ ಇದೇ ರೀತಿ ಇರಬಹುದು.

ಫೋನಿನ ಮ್ಯಾಪ್ ಆಟಗಳು ಕೆಟ್ಟವಲ್ಲ. ದಿನಕ್ಕೆ ಹತ್ತು ನಿಮಿಷ ಆಡಿದರೆ ದೇಶಗಳ ಜಾಗ ಬೇಗ ಕೂರುತ್ತದೆ. ಹತ್ತು ನಿಮಿಷ ಒಂದು ಗಂಟೆಯಾಗುವುದೇ ಅದರ ಅಪಾಯ. ಇನ್ನೊಂದು, ಹೊರದೇಶದ ಆ್ಯಪ್‌ಗಳಲ್ಲಿ ಕಾಶ್ಮೀರದ ಗಡಿ ನಮ್ಮ ಸರ್ಕಾರದ ನಕ್ಷೆಯಂತೆ ಇರುವುದಿಲ್ಲ. ಅದನ್ನು ನೋಡಿ ಪರೀಕ್ಷೆಯಲ್ಲಿ ಬಿಡಿಸಿದರೆ ಅಂಕ ಹೋಗುತ್ತದೆ. ಭಾರತದ ಗಡಿಗೆ ಸರ್ವೆ ಆಫ್ ಇಂಡಿಯಾ ನಕ್ಷೆಯನ್ನೇ ನೋಡಬೇಕು. ಅಳತೆ ನೋಡಲು ಮಾಮೂಲಿ ಮ್ಯಾಪ್‌ಗಿಂತ ಗೂಗಲ್ ಅರ್ಥ್ ಒಳ್ಳೆಯದು. ಅದರಲ್ಲಿ ಭೂಮಿ ಗುಂಡಗೇ ಕಾಣುತ್ತದೆ.

ನನ್ನನ್ನು ಕೇಳಿದರೆ ಮೊದಲು ಒಂದು ಗ್ಲೋಬ್ ತನ್ನಿ. ಕ್ಲಾಸಿನ ಫೀಸಿಗಿಂತ ಕಡಿಮೆಗೆ ಸಿಗುತ್ತದೆ. ಹನ್ನೆರಡು ಇಂಚಿನದಾದರೆ ಒಳ್ಳೆಯದು. ಅಗ್ಗದ ಗ್ಲೋಬ್‌ಗಳಲ್ಲಿ ಅಚ್ಚಿನ ತಪ್ಪು ಇರುತ್ತವೆ, ಕೆಲವು ಬಹಳ ಹಳೆಯವೂ ಇರುತ್ತವೆ. ಅಂಗಡಿಯಲ್ಲೇ ದಕ್ಷಿಣ ಸುಡಾನ್ ಇದೆಯಾ ನೋಡಿ. ಅದು 2011ರಲ್ಲಿ ಹುಟ್ಟಿದ ದೇಶ. ಇಲ್ಲದಿದ್ದರೆ ಆ ಗ್ಲೋಬ್ ಅದಕ್ಕೂ ಹಿಂದಿನದು. ಎಸ್ವಾಟಿನಿ, ಉತ್ತರ ಮ್ಯಾಸಿಡೋನಿಯಾ ಎಂಬ ಹೆಸರುಗಳಿದ್ದರೆ ಹೊಸದು ಎಂದು ತಿಳಿಯಬಹುದು.

ಮನೆಗೆ ತಂದ ಮೇಲೆ ನಿಮ್ಮ ಟೇಪು, ದಾರ ತೆಗೆದುಕೊಳ್ಳಿ. ಭೂಮಿಯ ಸುತ್ತಳತೆ 40,000 ಕಿ.ಮೀ. ಗ್ಲೋಬಿನ ನಡುವನ್ನು ದಾರದಿಂದ ಅಳೆದು, ಎಷ್ಟು ಸೆಂಟಿಮೀಟರ್ ಬಂತೋ ಅದರಿಂದ 40,000ವನ್ನು ಭಾಗಿಸಿ. ಹನ್ನೆರಡು ಇಂಚಿನದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 418 ಕಿ.ಮೀ. ದಾವಣಗೆರೆಯಿಂದ ಬರ್ಲಿನ್‌ಗೆ ದಾರ ಬಿಗಿಯಾಗಿ ಹಿಡಿದರೆ ಸುಮಾರು ಹದಿನಾರೂವರೆ ಸೆಂಟಿಮೀಟರ್ ಬರುತ್ತದೆ, ಅಂದರೆ ಸುಮಾರು 6,900 ಕಿ.ಮೀ. ಆಮೇಲೆ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಹಿಡಿಯಿರಿ. ಚಪ್ಪಟೆ ನಕ್ಷೆ ನೋಡಿದವರು ಪೆಸಿಫಿಕ್ ಮೇಲೋ ಅಟ್ಲಾಂಟಿಕ್ ಮೇಲೋ ಹೋಗಬೇಕು ಎನ್ನುತ್ತಾರೆ. ಬಿಗಿ ಹಿಡಿದ ದಾರ ಉತ್ತರ ಧ್ರುವದ ಹತ್ತಿರ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ವಿಮಾನ ತಂದದ್ದು ಉತ್ತರ ಧ್ರುವದ ಆ ದಾರಿಯಲ್ಲೇ, ನಡುವೆ ಎಲ್ಲೂ ಇಳಿಯದೆ. ದಾರದ ಲೆಕ್ಕದಲ್ಲಿ ಎರಡೂ ಊರುಗಳ ನಡುವೆ ಸುಮಾರು 14,000 ಕಿ.ಮೀ. ಈ ಒಂದು ದಾರದಿಂದ ಮಗಳಿಗೆ ಅರ್ಥವಾಗುವುದನ್ನು ನಾನು ಬೋರ್ಡಿನ ಮೇಲೆ ಒಂದು ಪೀರಿಯಡ್ ಪೂರ್ತಿ ಬರೆದರೂ ಅರ್ಥ ಮಾಡಿಸಲಾರೆ.

ನಿಮ್ಮ ವಯಸ್ಸಿನ ಬಗ್ಗೆ ಕೇಳಿದ್ದೀರಿ. ದೊಡ್ಡವರಿಗೆ ಹೆಸರು ನೆನಪಿಟ್ಟುಕೊಳ್ಳುವುದು ಮಕ್ಕಳಷ್ಟು ಸುಲಭವಲ್ಲ. ಆದರೆ ಇದು ಯಾಕೆ ಹೀಗೆ ಎಂದು ಹಿಡಿಯುವುದರಲ್ಲಿ ದೊಡ್ಡವರು ಮುಂದು. ಎಣ್ಣೆ ರೇಟು ಏರಿದ್ದು, ಮಳೆ ಕೈಕೊಟ್ಟಿದ್ದು, ಅಣ್ಣನ ಮಗ ಹೋದದ್ದು, ಇವನ್ನೆಲ್ಲ ನೀವು ಅನುಭವಿಸಿದ್ದೀರಿ. ನಕ್ಷೆಯಲ್ಲಿ ಅವುಗಳ ಜಾಗ ಹುಡುಕಿದರೆ ಸಾಕು. ವಾರಕ್ಕೆ ಒಂದೇ ದೇಶ ತೆಗೆದುಕೊಳ್ಳಿ. ಆ ವಾರ ಸುದ್ದಿಯಲ್ಲಿ ಬಂದದ್ದೋ, ಹೊಲಿಯಲು ಬಂದ ಬಟ್ಟೆಯ ಚೀಟಿಯಲ್ಲಿ ಕಂಡದ್ದೋ ಆಗಲಿ. ನಮ್ಮ ಗೆರೆಗಿಂತ ಮೇಲಾ ಕೆಳಗಾ, ಅಕ್ಕಪಕ್ಕ ಯಾರು, ಸಮುದ್ರ ಇದೆಯಾ, ಅಲ್ಲಿಂದ ನಮಗೆ ಏನು ಬರುತ್ತದೆ, ನಮ್ಮಿಂದ ಏನು ಹೋಗುತ್ತದೆ, ಇಷ್ಟು ನೋಡಿ. ಮಗಳಿಗೆ ನೀವು ಪರೀಕ್ಷೆ ಮಾಡಬೇಡಿ, ಜೊತೆಯಲ್ಲಿ ಕೂತು ಹುಡುಕಿ. ತಪ್ಪು ಜಾಗಕ್ಕೆ ಬೆರಳಿಟ್ಟಾಗ ನಗುವವರು ಇದ್ದರೆ ಮಗು ಮುಂದಿನ ಸಲ ಬೆರಳೇ ಚಾಚುವುದಿಲ್ಲ. ನಾದಿನಿಯವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಅಟ್ಲಾಸ್ ಕೊಳ್ಳುವುದಾದರೆ ಇತ್ತೀಚಿನ ಮುದ್ರಣದ ಶಾಲಾ ಅಟ್ಲಾಸ್ ಒಂದು ಸಾಕು. ದೇಶಗಳ ಬಣ್ಣದ ನಕ್ಷೆ ಮಾತ್ರ ಇರುವುದನ್ನು ತರಬೇಡಿ. ಮಳೆ, ಬೆಟ್ಟ, ಬೆಳೆ, ಜನಸಂಖ್ಯೆಯ ನಕ್ಷೆಗಳೂ ಇರಬೇಕು, ಹಿಂದೆ ಊರುಗಳ ಪಟ್ಟಿ ಅಕ್ಷಾಂಶ ರೇಖಾಂಶದ ಜೊತೆ ಇರಬೇಕು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಆರ್ಟ್ಸ್ ತೆಗೆದುಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತೇನೆ ಎಂದರೆ ಜಿಕೆ ಕ್ಲಾಸಿನ ಯೋಚನೆ ಆಗ ಮಾಡಿ. ಅಲ್ಲಿಯ ತನಕ ಆ ದುಡ್ಡು ಗ್ಲೋಬಿಗೂ ಅಟ್ಲಾಸಿಗೂ ಆಗಿ ಇನ್ನೂ ಉಳಿಯುತ್ತದೆ.